ಶಾಲು ಹೊದಿಸುವ ಮೊದಲು ಎರಡು ವಾಕ್ಯ ಬರೆಯಿರಿ

ಪ್ರಶ್ನೆ: ಹೊಳಲ್ಕೆರೆ ಕಡೆಯ ಒಂದು ಸೇವಾ ಕ್ಲಬ್ಬಿಗೆ ನಾನು ಕಾರ್ಯದರ್ಶಿ. ಸದಸ್ಯರು ನಲವತ್ತೆರಡು ಮಂದಿ. ಜುಲೈ ತಿಂಗಳ ಪದಗ್ರಹಣದ ದಿನ, ಮಾನವೀಯ ಸೇವೆ ಮಾಡಿದ ಸದಸ್ಯರನ್ನು ಸನ್ಮಾನಿಸಬೇಕೆಂದು ತೀರ್ಮಾನವಾಗಿದೆ. ಕಳೆದ ವರ್ಷ ಹದಿನಾಲ್ಕು ಜನರಿಗೆ ಶಾಲು ಹೊದಿಸಿದೆವು. ಆದರೂ ಮುನಿಸು ತಪ್ಪಲಿಲ್ಲ. ಇಬ್ಬರು ಸಭೆಗೆ ಬರುವುದನ್ನೇ ಬಿಟ್ಟರು. ಆಯ್ಕೆ ಹೇಗೆ ಮಾಡಬೇಕು? ಹಣ ಕೊಟ್ಟವರನ್ನೂ ರಕ್ತ ಕೊಟ್ಟವರನ್ನೂ ಒಂದೇ ಸಾಲಿನಲ್ಲಿ ಕೂರಿಸಬಹುದೇ? ಖರ್ಚನ್ನು ಯಾವ ಲೆಕ್ಕದಲ್ಲಿ ಹಾಕಬೇಕು? ಇನ್ನೊಂದು ತೊಡಕು: ಕಣ್ಣಿನ ಶಿಬಿರಗಳಿಗೆ ಹಳ್ಳಿಯ ವೃದ್ಧರನ್ನು ತಮ್ಮ ಹಳೆಯ ವ್ಯಾನಿನಲ್ಲಿ ಕರೆತಂದು, ಮತ್ತೆ ಮನೆಗೆ ಬಿಡುವ ಸದಸ್ಯರೊಬ್ಬರಿದ್ದಾರೆ. ಎಲ್ಲರೂ ಅವರ ಹೆಸರನ್ನೇ ಹೇಳುತ್ತಾರೆ. ಅವರು ಮಾತ್ರ ವೇದಿಕೆ ಹತ್ತುವುದಿಲ್ಲ ಎಂದು ಕುಳಿತಿದ್ದಾರೆ. ಏನು ಮಾಡೋಣ?

ಉತ್ತರ: ನಿಮ್ಮ ಪತ್ರದಲ್ಲಿ ನನ್ನ ಕಣ್ಣು ನಿಂತದ್ದು ಹದಿನಾಲ್ಕು ಎಂಬ ಸಂಖ್ಯೆಯ ಮೇಲೆ. ನಲವತ್ತೆರಡು ಸದಸ್ಯರಿಗೆ ಹದಿನಾಲ್ಕು ಶಾಲು, ಅಂದರೆ ಮೂವರಿಗೊಂದು. ಮುನಿಸು ಹುಟ್ಟಿದ್ದು ಇಲ್ಲಿಯೇ. ಒಬ್ಬರನ್ನೋ ಇಬ್ಬರನ್ನೋ ಸನ್ಮಾನಿಸಿದಾಗ ಉಳಿದವರು ಮನಸ್ಸು ಬಿಚ್ಚಿ ಚಪ್ಪಾಳೆ ತಟ್ಟುತ್ತಾರೆ. ಹದಿನಾಲ್ವರನ್ನು ಸಾಲಾಗಿ ನಿಲ್ಲಿಸಿದಿರೋ, ಕೆಳಗೆ ಕುಳಿತ ಇಪ್ಪತ್ತೆಂಟು ಮಂದಿ ಪ್ರೇಕ್ಷಕರಾಗಿ ಉಳಿಯುವುದಿಲ್ಲ, ಬಿಟ್ಟುಹೋದವರಾಗುತ್ತಾರೆ. ‘ಅವನಿಗಿಂತ ನಾನೇನು ಕಡಿಮೆ ಮಾಡಿದ್ದೇನೆ’ ಎಂಬ ಲೆಕ್ಕ ಶುರುವಾಗುತ್ತದೆ. ಬೇಸರದ ಸಂಗತಿಯೆಂದರೆ ಆ ಲೆಕ್ಕ ಬಹುತೇಕ ಸರಿಯಾಗಿಯೇ ಇರುತ್ತದೆ.

ದಾವಣಗೆರೆಯಲ್ಲಿ ಮೂವತ್ತು ವರ್ಷ ಇಂಥ ಸಭೆಗಳ ಬೆನ್ನ ಹಿಂದೆ ಓಡಾಡಿದ್ದೇನೆ. ಹಾರ ತಂದಿದ್ದೇನೆ, ಬಿನ್ನವತ್ತಳೆ ಬರೆದಿದ್ದೇನೆ, ತಡವಾಗಿ ಬಂದ ಅತಿಥಿಗಳಿಗಾಗಿ ಬಾಗಿಲಲ್ಲಿ ಕಾದಿದ್ದೇನೆ. ಅಷ್ಟರಲ್ಲಿ ನಾನು ಉಳಿಸಿಕೊಂಡ ನಿಯಮ ಒಂದೇ. ಶಾಲು ಖರೀದಿಸುವ ಮೊದಲು ಸನ್ಮಾನಿತರ ಬಗ್ಗೆ ಎರಡು ವಾಕ್ಯ ಬರೆಯಬೇಕು. ಅವರು ಏನು ಮಾಡಿದರು, ಎಲ್ಲಿ, ಯಾವಾಗಿನಿಂದ, ಎಷ್ಟು ಎಂಬುದು ಅದರಲ್ಲಿರಬೇಕು. ಗುಣವಿಶೇಷಣ ಒಂದೂ ಇರಕೂಡದು. ಆ ಎರಡು ವಾಕ್ಯ ಹುಟ್ಟದಿದ್ದರೆ ಆ ವರ್ಷ ಆ ಹೆಸರಿಲ್ಲ. ಇಷ್ಟು ಮಾಡಿ ನೋಡಿ, ನಿಮ್ಮ ಹದಿನಾಲ್ಕು ತಾನಾಗಿಯೇ ಮೂರಕ್ಕೋ ನಾಲ್ಕಕ್ಕೋ ಇಳಿಯುತ್ತದೆ.

ನಮ್ಮ ಕಡೆಯ ಅಭಿನಂದನಾ ಪತ್ರಗಳ ಭಾಷೆ ನಿಮಗೆ ಗೊತ್ತೇ ಇದೆ. ‘ಸಮಾಜ ಸೇವಾ ಧುರೀಣರೂ, ಕೊಡುಗೈ ದಾನಿಗಳೂ, ಸರಳತೆ ಸಜ್ಜನಿಕೆಗಳ ಸಾಕಾರ ಮೂರ್ತಿಗಳೂ ಆದ ತಾವು...’ ಇದರಲ್ಲಿ ಹೆಸರೊಂದನ್ನು ಬದಲಿಸಿದರೆ ಅಕ್ಕಿ ಗಿರಣಿ ಮಾಲೀಕರಿಗೂ ಆದೀತು, ನಿವೃತ್ತ ತಹಶೀಲ್ದಾರರಿಗೂ ಆದೀತು. ಇದನ್ನು ಓದುವಾಗ ಸಭೆ ಪಕ್ಕದವರೊಡನೆ ಮಾತಿಗಿಳಿಯುತ್ತದೆ. ಅದರ ಬದಲು ನಿಮ್ಮ ವ್ಯಾನಿನವರ ಬಗ್ಗೆ, ಅಂಕಿಗಳನ್ನು ವಿಚಾರಿಸಿ ಸರಿಪಡಿಸಿಕೊಂಡು, ಹೀಗೆ ಓದಿ ನೋಡಿ: ‘ಮೂರು ವರ್ಷದಿಂದ, ಎರಡನೆಯ ಮತ್ತು ನಾಲ್ಕನೆಯ ಭಾನುವಾರ ಬೆಳಗ್ಗೆ ಆರು ಗಂಟೆಗೆ ವ್ಯಾನು ಹೊರಡಿಸಿ, ಒಂಬತ್ತು ಹಳ್ಳಿಗಳಿಂದ ಕಣ್ಣು ಕಾಣದ ಹಿರಿಯರನ್ನು ಕರೆತಂದಿದ್ದಾರೆ. ಶಸ್ತ್ರಚಿಕಿತ್ಸೆಯಾದ ಎಂಟನೆಯ ದಿನ ಅದೇ ಮನೆಗಳಿಗೆ ಹೋಗಿ, ಕಣ್ಣಿಗೆ ಹನಿ ಹಾಕುತ್ತಿದ್ದಾರೆಯೇ ಎಂದು ನೋಡಿ ಬಂದಿದ್ದಾರೆ.’ ಸಭಾಂಗಣ ನಿಶ್ಶಬ್ದವಾಗುತ್ತದೆ.

ಈ ನಿಯಮವನ್ನು ನಾನು ಕಲಿತದ್ದು ಅವಮಾನದಿಂದ. ಬಹಳ ವರ್ಷಗಳ ಹಿಂದೆ ಮೋಟಾರ್ ರೀವೈಂಡಿಂಗ್ ಅಂಗಡಿ ಇಟ್ಟುಕೊಂಡಿದ್ದ ಸದಸ್ಯರೊಬ್ಬರನ್ನು ರಕ್ತದಾನಕ್ಕಾಗಿ ಸನ್ಮಾನಿಸಿದೆವು. ಬಿನ್ನವತ್ತಳೆ ಬರೆದವನು ನಾನು. ‘ನೂರಕ್ಕೂ ಹೆಚ್ಚು ಬಾರಿ ರಕ್ತದಾನ ಮಾಡಿದ’ ಎಂದು ಬರೆದಿದ್ದೆ. ಯಾರೋ ಹೇಳಿದ್ದರು, ನಾನು ಕೇಳಿಕೊಂಡಿದ್ದೆ. ಶಾಲು, ಹಾರ, ಪೇಟ ಎಲ್ಲ ಆಯಿತು. ಅವರು ಮೈಕಿನ ಮುಂದೆ ಬಂದು ಅಂಗಿ ಜೇಬಿನಿಂದ ರಬ್ಬರ್ ಬ್ಯಾಂಡ್ ಸುತ್ತಿದ ಕಾರ್ಡುಗಳ ಕಟ್ಟೊಂದನ್ನು ತೆಗೆದರು. ‘ನೂರಲ್ಲ, ಮೂವತ್ತೊಂದು. ಕಾರ್ಡು ಇಲ್ಲಿವೆ, ಬೇಕಾದವರು ಎಣಿಸಬಹುದು’ ಎಂದರು. ಕಾರ್ಡಿನ ಅಂಚುಗಳಲ್ಲಿ ವಾರ್ನಿಷ್ ಕಲೆ ಇದ್ದದ್ದು ಇವತ್ತಿಗೂ ನೆನಪಿದೆ. ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ತಟ್ಟಿದ್ದು ಮೂವತ್ತೊಂದಕ್ಕೆ. ನಾನು ಬರೆದಿದ್ದ ನೂರಕ್ಕೆ ಅಲ್ಲಿಯವರೆಗೆ ಯಾರೂ ಕೈ ಎತ್ತಿರಲಿಲ್ಲ.

ಆಮೇಲೆ ಕುಳಿತು ಲೆಕ್ಕ ಹಾಕಿದೆ. ರಕ್ತದಾನಕ್ಕೆ ಕನಿಷ್ಠ ವಯಸ್ಸು 18. ಗಂಡಸರು ಎರಡು ದಾನಗಳ ನಡುವೆ 90 ದಿನ, ಹೆಂಗಸರು 120 ದಿನ ಬಿಡಬೇಕು. ಅಂದರೆ ಗಂಡಸರಿಗೆ ವರ್ಷಕ್ಕೆ ನಾಲ್ಕು, ಹೆಂಗಸರಿಗೆ ಮೂರು. ಮೂವತ್ತು ವರ್ಷದ ಯುವಕ 18ಕ್ಕೇ ಶುರುಮಾಡಿ ಒಮ್ಮೆಯೂ ತಪ್ಪಿಸದಿದ್ದರೂ 48ರ ಆಸುಪಾಸಿಗೆ ನಿಲ್ಲುತ್ತಾನೆ. ನೂರು ಮುಟ್ಟಲು ಇಪ್ಪತ್ತೈದು ವರ್ಷ ಬೇಕು, ಅದೂ ಜ್ವರ, ಮದುವೆ, ಊರು ಬದಲಾವಣೆ ಯಾವುದೂ ಅಡ್ಡ ಬಾರದಿದ್ದರೆ. ‘ಎಪ್ಪತ್ತೈದು ಬಾರಿ ರಕ್ತದಾನ ಮಾಡಿದ ಇಪ್ಪತ್ತೆಂಟರ ಯುವಕ’ ಎಂಬ ಹೆಸರು ನಿಮ್ಮ ಮುಂದೆ ಬಂದರೆ ಎರಡರಲ್ಲಿ ಒಂದು: ಲೆಕ್ಕ ತಪ್ಪಿದೆ, ಇಲ್ಲವೇ ಅವರು ಕೊಟ್ಟಿರುವುದು ಪ್ಲೇಟ್‌ಲೆಟ್, ಅಂದರೆ ರಕ್ತ ಹೆಪ್ಪುಗಟ್ಟಲು ನೆರವಾಗುವ ಕಣಗಳು ಮಾತ್ರ. ಪ್ಲೇಟ್‌ಲೆಟ್ ದಾನಕ್ಕೆ ನಿಯಮ ಬೇರೆ. 48 ಗಂಟೆಗಳ ಅಂತರವಿಟ್ಟು ವರ್ಷಕ್ಕೆ 24 ಬಾರಿಯವರೆಗೂ ಕೊಡಬಹುದು. ಅದೂ ದೊಡ್ಡ ಸೇವೆಯೇ, ಡೆಂಗಿ ಹಬ್ಬಿದ ತಿಂಗಳಲ್ಲಂತೂ ಇನ್ನೂ ದೊಡ್ಡದು. ಆದರೆ ಯಾವುದು ಎಂಬುದನ್ನು ಕೇಳಿ, ಹಾಗೆಯೇ ಬರೆಯಿರಿ.

ರಕ್ತದಾನಿಗಳ ವಿಷಯದಲ್ಲಿ ಇನ್ನೊಂದು ಎಚ್ಚರ. ನಗದು ಬಹುಮಾನ ಬೇಡ. ಹಣ ಪಡೆದು ರಕ್ತ ಕೊಡುವ ಪದ್ಧತಿ ಸುಪ್ರೀಂ ಕೋರ್ಟಿನ 1996ರ ತೀರ್ಪಿನಿಂದಾಗಿ 1998ರ ಜನವರಿ 1ರಿಂದ ದೇಶದಲ್ಲಿ ನಿಷಿದ್ಧ. ಕ್ಲಬ್ಬಿನ ಐದು ಸಾವಿರ ರೂಪಾಯಿ ಅದೇ ಹಳೆಯ ಬಾಗಿಲನ್ನು ಹಿಂದಿನಿಂದ ತೆರೆದಂತೆ. ಪ್ರಮಾಣಪತ್ರ ಕೊಡಿ, ಒಂದು ಬ್ಯಾಡ್ಜ್ ಕೊಡಿ, ಸಾಕು.

ಕಣ್ಣಿನ ಶಿಬಿರದ ಸಂಖ್ಯೆಗಳನ್ನಂತೂ ಇನ್ನೂ ಗಟ್ಟಿಯಾಗಿ ಅಲುಗಾಡಿಸಿ ನೋಡಬೇಕು. ಸೇವಾ ಕ್ಲಬ್ ಎಂದರೆ ಕಣ್ಣಿನ ಶಿಬಿರ ಎಂಬ ನಂಟು ಹಳೆಯದು. 1925ರಲ್ಲಿ ಅಮೆರಿಕದ ಒಹಾಯೊದಲ್ಲಿ ನಡೆದ ಸಮ್ಮೇಳನದಲ್ಲಿ ಕಣ್ಣು ಕಾಣದ, ಕಿವಿ ಕೇಳದ ಲೇಖಕಿ ಹೆಲೆನ್ ಕೆಲ್ಲರ್ ಲಯನ್ಸ್ ಕ್ಲಬ್ಬಿನ ಸದಸ್ಯರನ್ನು ಅಂಧರ ಪರವಾಗಿ ನಿಲ್ಲಿರೆಂದು ಕೇಳಿಕೊಂಡಾಗಿನಿಂದ ಬಂದದ್ದು. ನೂರು ವರ್ಷ ಕಳೆದರೂ ನಮ್ಮ ವರದಿಗಳಲ್ಲಿ ಒಂದು ಮಬ್ಬು ಪದ ಹೋಗಿಲ್ಲ, ‘ಫಲಾನುಭವಿಗಳು’. ಐನೂರು ಫಲಾನುಭವಿಗಳು ಎಂದರೆ ಬಂದು ಸಾಲಿನಲ್ಲಿ ನಿಂತವರೋ, ತಪಾಸಣೆಯಾದವರೋ, ಪೊರೆ ಇದೆ ಎಂದು ಗೊತ್ತಾದವರೋ, ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವರೋ? ಈ ನಾಲ್ಕು ಸಂಖ್ಯೆಗಳ ನಡುವೆ ಅಜಗಜಾಂತರ. ನಾನಾದರೆ ಐದನೆಯದನ್ನೂ ಕೇಳುತ್ತೇನೆ: ಎಷ್ಟು ಜನ ಮರುತಪಾಸಣೆಗೆ ಬಂದರು? ಪೊರೆ ತೆಗೆದ ಮೇಲೆ ನಾಲ್ಕರಿಂದ ಆರು ವಾರ ಹನಿ ಹಾಕಬೇಕು, ಕಣ್ಣು ಉಜ್ಜಬಾರದು, ಭಾರ ಎತ್ತಬಾರದು. ಹೊಲಗೆಲಸದ ಹಳ್ಳಿಯಲ್ಲಿ ಒಂಟಿ ಅಜ್ಜಿಯೊಬ್ಬಳಿಗೆ ಇದನ್ನು ಪಾಲಿಸುವುದು ಶಸ್ತ್ರಚಿಕಿತ್ಸೆಗಿಂತ ಕಷ್ಟ. ಶಿಬಿರದ ದಿನ ಬ್ಯಾನರ್ ಮುಂದೆ ನಿಂತವರು ಹತ್ತಾರು ಮಂದಿ ಇರುತ್ತಾರೆ. ಎಂಟನೆಯ ದಿನ ಹೋಗಿ ಬಾಗಿಲು ತಟ್ಟಿದವರು ಒಬ್ಬರೋ ಇಬ್ಬರೋ. ನಿಮ್ಮ ಸನ್ಮಾನ ಅವರಿಗೆ.

ನೇತ್ರದಾನದಲ್ಲಿ ಸೇವೆ ನಡೆಯುವುದೇ ಬೇರೆ ಹೊತ್ತಿನಲ್ಲಿ. ಸಾವು ಸಂಭವಿಸಿ ಆರು ಗಂಟೆಯೊಳಗೆ ಕಾರ್ನಿಯಾ, ಅಂದರೆ ಕಣ್ಣಿನ ಮುಂಭಾಗದ ಪಾರದರ್ಶಕ ಪದರ, ಪಡೆಯಬೇಕು. ಅಷ್ಟರಲ್ಲಿ ಯಾರಾದರೂ ಆ ಮನೆಯ ಹೊಸ್ತಿಲು ದಾಟಿ, ಅಳುತ್ತಿರುವವರ ನಡುವೆ ಒಬ್ಬರನ್ನು ಪಕ್ಕಕ್ಕೆ ಕರೆದು ಕೇಳಬೇಕು. ಫ್ಯಾನ್ ನಿಲ್ಲಿಸಲು ಹೇಳಬೇಕು, ರೆಪ್ಪೆ ಮುಚ್ಚಿಸಿ ಮೇಲೆ ಒದ್ದೆ ಹತ್ತಿ ಇಡಿಸಬೇಕು, ತಲೆಗೆ ದಿಂಬು ಕೊಡಿಸಬೇಕು, ನೇತ್ರಬ್ಯಾಂಕಿನವರಿಗೆ ದಾರಿ ಹೇಳಬೇಕು. ತಂಡದವರ ಕೆಲಸ ಇಪ್ಪತ್ತು ನಿಮಿಷದ್ದು; ಒಪ್ಪಿಸುವ ಕೆಲಸ ಕೆಲವೊಮ್ಮೆ ಮೂರು ಗಂಟೆಯದು. ಒಪ್ಪದೆ ಬೈದು ಕಳಿಸಿದ ಮನೆಗಳೂ ಇರುತ್ತವೆ. 2021ರ ಅಕ್ಟೋಬರಿನಲ್ಲಿ ಪುನೀತ್ ರಾಜ್‌ಕುಮಾರ್ ಅವರ ಕಣ್ಣುಗಳು ನಾಲ್ವರಿಗೆ ಬೆಳಕಾದ ಮೇಲೆ ಈ ಮಾತನ್ನು ಎತ್ತುವುದು ಎಷ್ಟೋ ಸುಲಭವಾಯಿತು. ಅದಕ್ಕೂ ಮೊದಲು ಕೇಳಿದವರ ಪಾಡು ನನಗೆ ಗೊತ್ತು. ಇಂಥ ಸದಸ್ಯರು ನಿಮ್ಮಲ್ಲಿದ್ದರೆ ಸಂಖ್ಯೆ ಎರಡಿದ್ದರೂ ಸಾಕು, ಪಟ್ಟಿಯ ಮೇಲೆ ಬರೆಯಿರಿ. ಕಣ್ಣು ಕೊಟ್ಟ ಮನೆಯವರನ್ನೂ ಕರೆಯಿರಿ, ಆದರೆ ಅವರ ಇಷ್ಟ ಕೇಳಿಕೊಂಡು. ಆ ಕಣ್ಣು ಯಾರಿಗೆ ಹೋಯಿತು ಎಂಬುದನ್ನು ಮಾತ್ರ ವೇದಿಕೆಯಲ್ಲಿ ಬಿಡಿ, ಮನೆಯಲ್ಲೂ ಕೆದಕಬೇಡಿ. ಅದು ಗುಟ್ಟಾಗಿರಬೇಕಾದ ವಿಷಯ.

ನೀರಿನ ಘಟಕ, ಶಾಲೆಗೆ ಬೆಂಚು, ಗಿಡ ನೆಡುವುದು ಇಂಥವಕ್ಕೆ ನಾನು ಒಂದು ವರ್ಷ ತಡೆದು ನೋಡಿ ಎನ್ನುತ್ತೇನೆ. ಚಿತ್ರದುರ್ಗ ಜಿಲ್ಲೆಯ ಎಷ್ಟೋ ಕೊಳವೆಬಾವಿಗಳಲ್ಲಿ ಫ್ಲೋರೈಡ್ ಮಿತಿ ಮೀರಿದೆ, ಲೀಟರಿಗೆ 1.5 ಮಿಲಿಗ್ರಾಂ ದಾಟಿದರೆ ಹಲ್ಲು, ಆಮೇಲೆ ಮೂಳೆ ಕೆಡುತ್ತದೆ. ಹೀಗಾಗಿ ಶುದ್ಧ ನೀರಿನ ಘಟಕ ನಿಜಕ್ಕೂ ದೊಡ್ಡ ಕೆಲಸ. ಆದರೆ ಘಟಕ ಉದ್ಘಾಟನೆಯ ದಿನ ಎಲ್ಲವೂ ಓಡುತ್ತದೆ. ವರ್ಷದ ನಂತರ ನೀರು ಸೋಸುವ ಮೆಂಬ್ರೇನ್ ಬದಲಾಯಿಸಿದವರು ಯಾರು, ನಾಣ್ಯದ ಡಬ್ಬಿ ಕೆಟ್ಟಾಗ ಮೆಕ್ಯಾನಿಕ್ಕನ್ನು ಕರೆದೊಯ್ದವರು ಯಾರು ಎಂದು ವಿಚಾರಿಸಿ.

ಈಗ ಹಣ ಕೊಟ್ಟವರ ಪ್ರಶ್ನೆ. ನಮ್ಮ ಊರಿನಲ್ಲಿದ್ದುಕೊಂಡು ದಾನಿಗಳ ಬಗ್ಗೆ ಹಗುರವಾಗಿ ಮಾತಾಡಲು ನಾಲಿಗೆ ಹೊರಳದು. ದಾವಣಗೆರೆಯ ಜಿಲ್ಲಾ ಆಸ್ಪತ್ರೆಯನ್ನು ಜನ ಕರೆಯುವುದೇ ದಾನಿಗಳ ಹೆಸರಿನಿಂದ, ಚಿಗಟೇರಿ ಆಸ್ಪತ್ರೆ ಎಂದು. ಡಿ.ಆರ್.ಎಂ. ವಿಜ್ಞಾನ ಕಾಲೇಜಿನ ‘ಡಿ’ ದಾವಣಗೆರೆಯದು ಎಂದುಕೊಂಡವರು ಅಲ್ಲಿ ಓದಿದವರಲ್ಲೇ ಬಹಳ ಮಂದಿ. ಅದು ಧರ್ಮಪ್ರಕಾಶ ರಾಜನಹಳ್ಳಿ ಮದ್ದೂರಾಯಪ್ಪನವರ ಹೆಸರು. ಮೈಸೂರು ಅರಸರ ಆಳ್ವಿಕೆಯಲ್ಲಿ ದೊಡ್ಡ ದಾನಿಗಳಿಗೆ ಸಲ್ಲುತ್ತಿದ್ದ ಬಿರುದು ‘ಧರ್ಮಪ್ರಕಾಶ’. ನೋಡಿ, ಹಣ ಕೊಟ್ಟವರನ್ನು ಈ ಊರು ಮರೆತಿಲ್ಲ, ದಿನವೂ ಬಾಯಲ್ಲಿ ಹೇಳುತ್ತದೆ.

ಆದರೂ ಎರಡನ್ನೂ ಒಂದೇ ಸಾಲಿನಲ್ಲಿ ಕೂರಿಸಬೇಡಿ. ದೊಡ್ಡ ಸಂಸ್ಥೆಗಳೇ ಇವನ್ನು ಬೇರೆ ಇಟ್ಟಿವೆ. ರೋಟರಿಯ ಪಾಲ್ ಹ್ಯಾರಿಸ್ ಫೆಲೋ, ಲಯನ್ಸ್‌ನ ಮೆಲ್ವಿನ್ ಜೋನ್ಸ್ ಫೆಲೋ ಎರಡೂ ಆಯಾ ಪ್ರತಿಷ್ಠಾನಕ್ಕೆ 1,000 ಡಾಲರ್ ಸಲ್ಲಿಸಿದ್ದಕ್ಕೆ ದೊರೆಯುವ ಮನ್ನಣೆ. ಕೋಟಿನ ಮೇಲಿನ ಆ ಪಿನ್ನು ಕೃತಜ್ಞತೆಯ ಗುರುತು. ಆ ಹಣ ಎಲ್ಲಿಗೆ ಹೋಯಿತೆಂದು ಕೇಳುವವರಿಗೆ ಪೋಲಿಯೊ ತೋರಿಸಬಹುದು: ರೋಟರಿ 1985ರಲ್ಲಿ ಪೋಲಿಯೊ ವಿರುದ್ಧ ಕೈಹಾಕಿತು, ಭಾರತದ ಕೊನೆಯ ಪ್ರಕರಣ 2011ರ ಜನವರಿಯಲ್ಲಿ ಹೌರಾದಲ್ಲಿ ಕಂಡಿತು, 2014ರ ಮಾರ್ಚ್ 27ರಂದು ನಮಗೆ ಪೋಲಿಯೊಮುಕ್ತ ಎಂಬ ಪ್ರಮಾಣಪತ್ರ ಸಿಕ್ಕಿತು. ಆದರೆ ಅದೇ ರೋಟರಿಯಲ್ಲಿ ಸ್ವತಃ ಮೈಮುರಿದು ಮಾಡಿದ ಸೇವೆಗೆಂದು ‘ಸ್ವಾರ್ಥಕ್ಕಿಂತ ಸೇವೆ ಮಿಗಿಲು’ ಎಂಬ ಧ್ಯೇಯವಾಕ್ಯದ ಹೆಸರಿನಲ್ಲೇ ಬೇರೆ ಪ್ರಶಸ್ತಿ ಇದೆ. ಜಗತ್ತಿನಾದ್ಯಂತ ಹನ್ನೆರಡು ಲಕ್ಷದಷ್ಟು ಸದಸ್ಯರಿರುವ ಸಂಸ್ಥೆ ಅದನ್ನು ವರ್ಷಕ್ಕೆ ಕೊಡುವುದು ಹೆಚ್ಚೆಂದರೆ 150 ಮಂದಿಗೆ. ನಿಮ್ಮ ಕ್ಲಬ್ಬಿನ ಹದಿನಾಲ್ಕನ್ನು ಇದರ ಪಕ್ಕದಲ್ಲಿಟ್ಟು ಒಮ್ಮೆ ನೋಡಿಕೊಳ್ಳಿ.

ಅದಕ್ಕೇ ನನ್ನ ಸಲಹೆ: ದಾನಿಗಳ ಹೆಸರನ್ನು ವಾರ್ಷಿಕ ವರದಿಯಲ್ಲಿ ಮೊತ್ತಸಹಿತ ಅಚ್ಚು ಹಾಕಿಸಿ, ಸಭೆಯಲ್ಲಿ ಓದಿ, ಅವರನ್ನು ಕುಳಿತಲ್ಲಿಯೇ ಎದ್ದು ನಿಲ್ಲಲು ಹೇಳಿ, ಚಪ್ಪಾಳೆ ಹೊಡೆಸಿ. ಶಾಲು ಕೈಕಾಲು ಸವೆಸಿದವರಿಗೆ ಇರಲಿ. ಪಾಲ್ ಹ್ಯಾರಿಸ್ ಫೆಲೋ ಮನ್ನಣೆಯನ್ನು ಬೇರೊಬ್ಬರ ಹೆಸರಿನಲ್ಲೂ ಮಾಡಿಸಬಹುದು ಎಂಬುದು ಬಹಳ ಜನರಿಗೆ ತಿಳಿದಿಲ್ಲ. ಹಣವಂತ ಸದಸ್ಯರೊಬ್ಬರು ತಮ್ಮ ಎರಡನೆಯ ಪಿನ್ನಿನ ಬದಲು, ಮೂವತ್ತು ವರ್ಷ ಹೆರಿಗೆ ಮಾಡಿಸಿದ ದಾದಿಯೊಬ್ಬರ ಹೆಸರಿನಲ್ಲಿ ಅದನ್ನು ಮಾಡಿಸಿದ್ದನ್ನು ನಾನು ಕಂಡಿದ್ದೇನೆ. ಇಬ್ಬರ ಮಾನವೂ ಏರಿತು.

ಹೆದ್ದಾರಿಯ ಬಗ್ಗೆಯೂ ಒಂದು ಮಾತು, ಏಕೆಂದರೆ ಹಿರಿಯೂರಿನಿಂದ ಹರಿಹರದವರೆಗೆ ನಮ್ಮೆರಡು ಜಿಲ್ಲೆಗಳನ್ನು ಸೀಳಿಕೊಂಡು ಹೋಗುವುದು ರಾಷ್ಟ್ರೀಯ ಹೆದ್ದಾರಿ 48. ಅಪಘಾತದ ಗಾಯಾಳುವನ್ನು ಮೊದಲ ಒಂದು ಗಂಟೆಯೊಳಗೆ ಆಸ್ಪತ್ರೆ ಮುಟ್ಟಿಸಿದವರಿಗೆ ಕೇಂದ್ರ ಸರ್ಕಾರವೇ ಬಹುಮಾನ ಕೊಡುತ್ತದೆ; 2021ರಲ್ಲಿ 5,000 ರೂಪಾಯಿ ಇದ್ದದ್ದು 2025ರಲ್ಲಿ 25,000ಕ್ಕೆ ಏರಿತು. ಹಾಗೆ ನೆರವಾದವರನ್ನು ಕೇಸಿನಲ್ಲಿ ಸಿಕ್ಕಿಸದಂತೆ ಮೋಟಾರು ವಾಹನ ಕಾಯ್ದೆಯ 134ಎ ಕಲಮಿನ ರಕ್ಷಣೆಯೂ ಇದೆ. ನಿಮ್ಮ ಸದಸ್ಯರೊಬ್ಬರು ಇಂಥದ್ದು ಮಾಡಿದ್ದರೆ ಬರೀ ಹಾರ ಹಾಕಿ ಕಳಿಸಬೇಡಿ, ಪೊಲೀಸ್ ಠಾಣೆಯಿಂದ ಜಿಲ್ಲಾ ಸಮಿತಿಗೆ ಕಾಗದ ಹೋಗುವಂತೆ ನೋಡಿಕೊಳ್ಳಿ.

ಖರ್ಚಿನ ಲೆಕ್ಕ ಕೇಳಿದಿರಿ. ಇದರಲ್ಲಿ ಚರ್ಚೆಗೆ ಜಾಗವಿಲ್ಲ. ಸಾರ್ವಜನಿಕರಿಂದ ಎತ್ತಿದ ಹಣ ಸಾರ್ವಜನಿಕರಿಗೇ ಹೋಗಬೇಕು, ಆಡಳಿತದ ಖರ್ಚಿಗೆ ಅದನ್ನು ಮುಟ್ಟಬಾರದು ಎಂಬುದು ಲಯನ್ಸ್‌ನ ಕಟ್ಟುನಿಟ್ಟಾದ ನಿಯಮ. ರೋಟರಿಯಲ್ಲೂ ಕ್ಲಬ್ ನಡೆಸುವ ಹಣ, ಸೇವಾ ಯೋಜನೆಯ ಹಣ ಎರಡು ಬೇರೆ. ನಿಮ್ಮದು ಸ್ವತಂತ್ರ ಕ್ಲಬ್ಬಾಗಿದ್ದರೂ ಇದನ್ನೇ ಇಟ್ಟುಕೊಳ್ಳಿ. ಕಣ್ಣಿನ ಶಿಬಿರಕ್ಕೆಂದು ಅಂಗಡಿ ಅಂಗಡಿ ತಿರುಗಿ ಎತ್ತಿದ ದುಡ್ಡಿನಲ್ಲಿ ಸದಸ್ಯರಿಗೆ ಶಾಲು ತಂದರೆ, ಅದು ಸದಸ್ಯರೇ ಪರಸ್ಪರ ಹೊದ್ದುಕೊಂಡ ಶಾಲು. ಸದಸ್ಯತ್ವ ಶುಲ್ಕದಿಂದ ತನ್ನಿ, ಇಲ್ಲವೇ ತರಬೇಡಿ.

ಆಯ್ಕೆಗೆ ಮೂವರ ಸಮಿತಿ ಸಾಕು. ಅದರಲ್ಲಿ ಒಬ್ಬರು ಕ್ಲಬ್ಬಿನ ಹೊರಗಿನವರಿರಲಿ, ನಿವೃತ್ತ ಹೆಡ್‌ ನರ್ಸೋ ಮುಖ್ಯೋಪಾಧ್ಯಾಯರೋ ಆದರೆ ಬಹಳ ಒಳ್ಳೆಯದು. ಅವರಿಗೆ ಊರಿನ ನಿಜ ಗೊತ್ತಿರುತ್ತದೆ, ಕ್ಲಬ್ಬಿನ ದಾಕ್ಷಿಣ್ಯ ಇರುವುದಿಲ್ಲ. ಆ ವರ್ಷದ ಅಧ್ಯಕ್ಷರು, ಕಾರ್ಯದರ್ಶಿ, ಖಜಾಂಚಿ ಪಟ್ಟಿಯಲ್ಲಿ ಇರಕೂಡದು. ಹೌದು, ನೀವೂ ಇಲ್ಲ. ಯಾರ ಹೆಸರನ್ನಾದರೂ ಯಾರಾದರೂ ಸೂಚಿಸಬಹುದು, ತಮ್ಮದನ್ನು ತಾವೇ ಸೂಚಿಸುವ ಹಾಗಿಲ್ಲ, ಮತ್ತು ಸೂಚನೆ ಎಂದರೆ ಆ ಎರಡು ವಾಕ್ಯ. ಮಂಡಕ್ಕಿ ಮೆಣಸಿನಕಾಯಿ ತರಿಸಿಕೊಂಡು ಒಂದು ಸಂಜೆ ಕುಳಿತರೆ ಮುಗಿಯುವ ಕೆಲಸ ಇದು. ಯಾರೂ ಅರ್ಹರಿಲ್ಲ ಎನಿಸಿದ ವರ್ಷ ಸನ್ಮಾನವಿಲ್ಲದೆ ಪದಗ್ರಹಣ ಮಾಡಿ. ಒಂದು ವರ್ಷ ಹಾಗೆ ಬಿಟ್ಟು ನೋಡಿ, ಮರುವರ್ಷದ ಶಾಲಿಗೆ ಬರುವ ತೂಕವೇ ಬೇರೆ.

ಪಟ್ಟಿ ಮಾಡುವಾಗ ಅಡುಗೆಮನೆಯ ಕಡೆಗೂ ಒಮ್ಮೆ ನೋಡಿ. ಲಯನ್ಸ್ ಮಹಿಳೆಯರನ್ನು ಸದಸ್ಯರಾಗಿ ಒಪ್ಪಿದ್ದು 1987ರಲ್ಲಿ, ರೋಟರಿ ಜಗತ್ತಿನಾದ್ಯಂತ ಒಪ್ಪಿದ್ದು 1989ರಲ್ಲಿ. ಅದಕ್ಕೂ ಮುಂಚೆ, ಅದರ ನಂತರವೂ, ಶಿಬಿರದ ದಿನ ನಸುಕಿಗೆ ಎದ್ದು ಇನ್ನೂರು ಜನರಿಗೆ ಉಪ್ಪಿಟ್ಟು ಕೆದಕಿದವರು, ಆಪರೇಷನ್ನಿಗೆ ಹೆದರಿ ಓಡಿಹೋಗಲು ನೋಡುತ್ತಿದ್ದ ಅಜ್ಜಿಯ ಕೈ ಹಿಡಿದು ಕುಳಿತವರು ಯಾರ ವರದಿಯಲ್ಲೂ ಇಲ್ಲ. ವಂದನಾರ್ಪಣೆಯಲ್ಲಿ ‘ಸದಸ್ಯರ ಧರ್ಮಪತ್ನಿಯರಿಗೂ’ ಎಂದು ಒಟ್ಟಾಗಿ ಮುಗಿಸಿಬಿಡುತ್ತೇವೆ. ಹೆಸರು ಹಿಡಿದು ಕರೆಯಲು ಏನು ಕಷ್ಟ?

ಬಿರುದಿನ ಗೀಳು ಬೇಡ. ‘ಸೇವಾರತ್ನ’, ‘ಸಮಾಜಭೂಷಣ’ ಎಂದು ಕ್ಲಬ್ಬುಗಳು ಕೊಡುವುದನ್ನು ಸಂವಿಧಾನ ತಡೆಯುವುದಿಲ್ಲ. 18ನೆಯ ವಿಧಿ ಕಟ್ಟಿಹಾಕಿರುವುದು ಸರ್ಕಾರದ ಕೈಯನ್ನು. ಆದರೆ ಪದ್ಮ ಪ್ರಶಸ್ತಿ ಪಡೆದವರೇ ಅದನ್ನು ಹೆಸರಿನ ಹಿಂದೆ ಮುಂದೆ ಅಂಟಿಸಿಕೊಳ್ಳುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 1995ರಲ್ಲಿ ಹೇಳಿರುವಾಗ, ನಮ್ಮ ಸೇವಾರತ್ನ ಲಗ್ನಪತ್ರಿಕೆಯಲ್ಲಿ ಮೆರೆಯುವುದು ನಗೆಗೀಡು. ಪಕ್ಕದ ಪಾವಗಡದ ಸೂಲಗಿತ್ತಿ ನರಸಮ್ಮನವರಿಗೆ 2018ರಲ್ಲಿ ಪದ್ಮಶ್ರೀ ಬಂತು. ಹದಿನೈದು ಸಾವಿರಕ್ಕೂ ಮಿಕ್ಕಿ ಹೆರಿಗೆಗಳನ್ನು ಕಾಸು ಮುಟ್ಟದೆ ಮಾಡಿಸಿದವರು ಅವರು. ಜನರ ಬಾಯಲ್ಲಿ ಉಳಿದದ್ದು ಕಸುಬಿನ ಹೆಸರೇ, ಸೂಲಗಿತ್ತಿ. ಅಂದಹಾಗೆ, ಪ್ರಮಾಣಪತ್ರದ ಮೇಲೆ ಅಂದವಾಗಿರಲಿ ಎಂದು ಅಶೋಕ ಸ್ತಂಭದ ಸಿಂಹಗಳನ್ನು ಅಚ್ಚು ಹಾಕಿಸಬೇಡಿ. 2005ರ ಕಾಯ್ದೆಯ ಪ್ರಕಾರ ಅದು ಅಪರಾಧ. ಮುದ್ರಣಾಲಯದವರು ‘ಎಲ್ಲರೂ ಹಾಕಿಸುತ್ತಾರೆ ಸಾರ್’ ಎನ್ನುತ್ತಾರೆ, ಒಪ್ಪಬೇಡಿ. ‘ನಿಮ್ಮ ಸದಸ್ಯರು ರಾಷ್ಟ್ರೀಯ ಪ್ರಶಸ್ತಿಗೆ ಆಯ್ಕೆಯಾಗಿದ್ದಾರೆ, ನೋಂದಣಿ ಶುಲ್ಕ ಕಳಿಸಿ’ ಎಂಬ ಕರೆ ಬಂದರೆ ಫೋನ್ ಇಡಿ. ಶುಲ್ಕ ಕೇಳುವುದು ಪ್ರಶಸ್ತಿಯಲ್ಲ, ವ್ಯಾಪಾರ.

ಇನ್ನು ಸಮಾರಂಭ. ನನ್ನ ಕಣ್ಣಿಗೆ ಕಟ್ಟಿದ ಒಂದು ಚಿತ್ರ ಹೇಳುತ್ತೇನೆ. ಆರು ಗಂಟೆಯ ಸಭೆ, ಮುಖ್ಯ ಅತಿಥಿ ಬಂದದ್ದು ಏಳೂವರೆಗೆ. ಸನ್ಮಾನವನ್ನು ಅವರ ಕೈಯಿಂದಲೇ ಮಾಡಿಸಬೇಕೆಂದು ಭಾಷಣಗಳ ನಂತರಕ್ಕೆ ಇಟ್ಟಿದ್ದರು. ಜಗಳೂರು ತಾಲ್ಲೂಕಿನ ಹಳ್ಳಿಯಿಂದ ಬಂದಿದ್ದ ಸನ್ಮಾನಿತರು ಪ್ಲಾಸ್ಟಿಕ್ ಕುರ್ಚಿಯ ಅಂಚಿನಲ್ಲಿ ಕುಳಿತು ಮೊಬೈಲಿನಲ್ಲಿ ಗಂಟೆ ನೋಡುತ್ತಿದ್ದರು, ಹೆಂಡತಿಯ ಕಡೆ ನೋಡುತ್ತಿದ್ದರು. ಕೊನೆಗೂ ಹೆಸರು ಕೂಗಿದಾಗ ಸಿದ್ಧ ಮೈಸೂರು ಪೇಟ ತಲೆಗೆ ಸಣ್ಣದಾಯಿತು. ಫೋಟೊ ಮುಗಿಯುವವರೆಗೆ ಅವರು ಅದನ್ನು ಎಡಗೈಯಿಂದ ಒತ್ತಿ ಹಿಡಿದಿದ್ದರು. ಬಲಗೈಯಲ್ಲಿ ಹಣ್ಣಿನ ಬುಟ್ಟಿ. ಶಾಲು ಜಾರಿ ಬಿತ್ತು. ಒಂದು ಮಾತಾಡಲು ಅವಕಾಶ ಸಿಗಲಿಲ್ಲ. ಅಷ್ಟು ಹೊತ್ತಿಗೆ ಕೊನೆಯ ಬಸ್ ಹೋಗಿತ್ತು. ಆ ರಾತ್ರಿ ಅವರು ಬಸ್ ನಿಲ್ದಾಣದಲ್ಲಿ ಬುಟ್ಟಿ ಇಟ್ಟುಕೊಂಡು ಕುಳಿತಿದ್ದರೆಂದು ನನಗೆ ತಿಳಿದದ್ದು ವಾರದ ನಂತರ.

ಅದರ ನಂತರ ನಾನಿದ್ದ ಸಭೆಗಳಲ್ಲೆಲ್ಲ ಪ್ರಾರ್ಥನೆ ಮುಗಿದ ಕೂಡಲೇ ಸನ್ಮಾನ. ಅತಿಥಿ ಬರಲಿ ಬಿಡಲಿ. ಸನ್ಮಾನಿತರನ್ನು ಕೂರಿಸಿ, ಆ ಎರಡು ವಾಕ್ಯವನ್ನು ನಿಧಾನವಾಗಿ ಓದಿ, ಅವರಿಗೆ ಎರಡು ನಿಮಿಷ ಮೈಕು. ದೂರದವರಾದರೆ ಮರಳಿ ಹೋಗುವ ವಾಹನ ಕ್ಲಬ್ಬಿನದು. ಪೇಟ ಬಿಟ್ಟುಬಿಡಿ. ಶಾಲಿನ ಬದಲು ಚಳ್ಳಕೆರೆ ಕಡೆಯ ಕುರಿ ಉಣ್ಣೆಯ ಕಂಬಳಿ ಹೊದಿಸಿ. ನಮ್ಮ ಸೀಮೆಯಲ್ಲಿ ಕಂಬಳಿಗೆ ಇರುವ ಗೌರವ ಮಿರುಗುವ ನೈಲಾನ್ ಶಾಲಿಗೆ ಇಲ್ಲ, ಚಳಿಗಾಲದಲ್ಲಿ ಹೊದೆಯಲೂ ಬರುತ್ತದೆ. ನೆರವು ಪಡೆದವರನ್ನು ಮಾತ್ರ ಸಾಕ್ಷಿಗೆಂದು ವೇದಿಕೆಗೆ ಎಳೆದು ತರಬೇಡಿ. ಎಚ್‌ಐವಿ ಪೀಡಿತರ ವಿಷಯದಲ್ಲಂತೂ ಅವರ ಗುರುತು ಹೊರಹಾಕುವುದು 2017ರ ಕಾಯ್ದೆಯಡಿ ನಿಷಿದ್ಧ. ಎಲ್ಲ ಸನ್ಮಾನಗಳನ್ನೂ ಜುಲೈಗೆ ಕಟ್ಟಿಡಬೇಕೆಂದೂ ಇಲ್ಲ. ರಕ್ತದಾನಿಗಳಿಗೆ ಜೂನ್ 14 ಅಥವಾ ಅಕ್ಟೋಬರ್ 1 ಇದೆ. ನೇತ್ರದಾನಕ್ಕೆ ಆಗಸ್ಟ್ 25ರಿಂದ ಸೆಪ್ಟೆಂಬರ್ 8ರ ಪಾಕ್ಷಿಕ ಇದೆ.

ಕೊನೆಗೆ ನಿಮ್ಮ ವ್ಯಾನಿನವರು. ಅವರನ್ನು ಒತ್ತಾಯಿಸಬೇಡಿ. ಮಾಡಿದ್ದನ್ನು ಮಾಡಿದೆ ಎಂದು ಆಡಿಕೊಳ್ಳಬಾರದು ಎಂಬ ಮಾತು ಕೇಳುತ್ತಲೇ ಬೆಳೆದ ನೆಲ ನಮ್ಮದು; ಕೆಲವರಿಗೆ ಅದು ಮಾತಾಗಿ ಉಳಿಯದೆ ಮೈಗೇ ಹತ್ತಿರುತ್ತದೆ. ಹಾಗೆಂದು ಬಿಟ್ಟುಬಿಡುವುದೂ ತಪ್ಪು, ಏಕೆಂದರೆ ದಾಖಲೆ ಬೇಕಾಗಿರುವುದು ಅವರಿಗಲ್ಲ, ಕ್ಲಬ್ಬಿಗೆ. ಮುಂದಿನ ಸಾಮಾನ್ಯ ಸಭೆಯಲ್ಲಿ ಅವರ ಬಗೆಗಿನ ಎರಡು ವಾಕ್ಯವನ್ನು ನಡಾವಳಿ ಪುಸ್ತಕದಲ್ಲಿ ಠರಾವಾಗಿ ಬರೆಯಿಸಿ, ಎಲ್ಲರೂ ಸಹಿ ಹಾಕಿ. ಅದೇ ಠರಾವಿನಲ್ಲಿ ಮುಂದಿನ ಶಿಬಿರದಿಂದ ವ್ಯಾನಿನ ಡೀಸೆಲ್ ಖರ್ಚು ಕ್ಲಬ್ಬಿನದು ಎಂದೂ, ಎಂಟನೆಯ ದಿನದ ಭೇಟಿಗೆ ಅವರೊಡನೆ ಇನ್ನೊಬ್ಬ ಸದಸ್ಯರು ಸರದಿಯಲ್ಲಿ ಹೋಗತಕ್ಕದ್ದು ಎಂದೂ ಸೇರಿಸಿ. ಮೊದಲ ಸರದಿ ನಿಮ್ಮದಾಗಲಿ. ಠರಾವಿನ ಪ್ರತಿಯನ್ನು ಇಬ್ಬರು ಹೋಗಿ ಅವರ ಮನೆಯಲ್ಲಿ ಕೊಟ್ಟು ಬನ್ನಿ, ಅವರಿಲ್ಲದ ಹೊತ್ತಿನಲ್ಲಿ, ಮಕ್ಕಳ ಕೈಗೆ. ಫೋಟೊ ತೆಗೆಯುವವನನ್ನು ಕರೆದೊಯ್ಯಬೇಡಿ.